ಬಾಬಾ ಹೇಳಿದ್ದು ಯಾವ ಮಾಫಿ?

ಮೆಷಿನಿನ ಬಾಗಿಲು ತೆಗೆದೆ. ಒಳಗೆ ಇದ್ದದ್ದು ಬಿಳಿ ಬಟ್ಟೆ ಅಲ್ಲ. ಹಾಲಿಲ್ಲದ ಸುಲೈಮಾನಿ ಚಾದಲ್ಲಿ ಅದ್ದಿ ತೆಗೆದ ಹಾಗೆ ಕೆಂಪು. ಮೇಲಿಂದ ಒಂದು ಎಳೆದೆ, ಕೆಂಪು. ಅಡಿಗೆ ಕೈ ಹಾಕಿ ಇನ್ನೊಂದು ಎಳೆದೆ, ಅದು ಇನ್ನೂ ಕೆಂಪು. ಹೆಚ್ಚಿನದ್ದೆಲ್ಲ ಕಂದೂರ. ಇಲ್ಲಿಯ ಅರಬಿ ಗಂಡಸರು ಹಾಕುದಲ್ವಾ, ಕಾಲಿನವರೆಗೆ ಬರುವ ಬಿಳಿ ಅಂಗಿ, ಅದು. ಈದ್ ಹಬ್ಬಕ್ಕೆ ಅಂತ ಊರಿಡೀ ತಂದು ಕೊಟ್ಟದ್ದು. ಹಬ್ಬ ನಾಳೆಯೋ ನಾಡಿದ್ದೋ, ಅದು ಚಂದ್ರ ಕಂಡ ಮೇಲೆ ಗೊತ್ತಾಗುದು.

ಇಸ್ತ್ರಿ ಹಾಕುವ ಬಂಗಾಲಿ ಹಿಂದೆ ಬಂದು ನಿಂತ.

"ಭಾಯ್, ಈ ಚಾ ಬಣ್ಣದ್ದೆಲ್ಲ ಯಾರದ್ದು?"

ಅವನು ತಮಾಷೆ ಮಾಡಿದ್ದಲ್ಲ. ನಿಜವಾಗಿ ಗೊತ್ತಾಗ್ಲಿಲ್ಲ ಅವನಿಗೆ. ಎಲ್ಲರದ್ದು ಅಂದೆ. ಅವನು ಅಲ್ಲೇ ನೆಲದಲ್ಲಿ ಕೂತ.

ನಾನು ಈ ಊರಿಗೆ ಬಂದದ್ದು ನನ್ನ ಮನಸ್ಸಿಂದ ಅಲ್ಲ. ಧಣಿಯ ದೊಡ್ಡ ಲಾಂಡ್ರಿ ಇರುದು ಬರ್ ದುಬೈಯಲ್ಲಿ. ನಾನು ಅಲ್ಲಿ ಹಿಂದುಗಡೆ ಮೆಷಿನ್ ನೋಡ್ತಾ ಇದ್ದವ. ಕೌಂಟರಿಗೆ ಬರುವ ಕೆಲಸ ಇಲ್ಲ, ಯಾರ ಹತ್ರವೂ ಮಾತಾಡುವ ಕೆಲಸ ಇಲ್ಲ. ಸಂಜೆ ಆದ್ರೆ ಊರಿನ ಹುಡುಗರು ಸಿಗ್ತಾರೆ, ಅಬ್ರಾ ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಬರುದು, ತುಳುವಿನಲ್ಲಿ ಬೊಬ್ಬೆ ಹಾಕುದು. ಜೀವ ಉಂಟು ಅಂತ ಗೊತ್ತಾಗ್ತದೆ. ಇಲ್ಲಿಯ ಬ್ರಾಂಚಲ್ಲಿ ಇದ್ದವ ರಜೆಯಲ್ಲಿ ಊರಿಗೆ ಹೋದವ ಬರ್ಲೇ ಇಲ್ಲ. ಧಣಿ ನನ್ನನ್ನು ಕರೆದು ಹೇಳಿದ್ರು, ಹಬ್ಬದವರೆಗೆ ನೋಡಿಕೊ ಮಾರಾಯ, ಒಂದು ಕಂಪ್ಲೇಂಟ್ ಬಾರದ ಹಾಗೆ ಹಬ್ಬ ದಾಟಿಸು, ಮತ್ತೆ ನಿನ್ನನ್ನು ದುಬೈಗೆ ವಾಪಸ್ ತರುದು ನನ್ನ ಜವಾಬ್ದಾರಿ. ಒಂದು ಕಂಪ್ಲೇಂಟ್ ಬಂದ್ರೂ ನೀನು ಅಲ್ಲೇ.

ನಾನು ಎಂಟನೇ ಕ್ಲಾಸ್ ಫೇಲ್. ಆದ್ರೆ ಈ ಲೆಕ್ಕ ಅರ್ಥ ಆಯ್ತು.

ಊರಿನ ಹೆಸರು ಹೇಳುದಿಲ್ಲ. ಹೇಳಿದ್ರೂ ನಿಮಗೆ ಗೊತ್ತಿರ್ಲಿಕ್ಕಿಲ್ಲ. ಅಲ್ ಐನ್ ದಾಟಿ ದಕ್ಷಿಣಕ್ಕೆ ಹೋದ್ರೆ ಮರಳು, ಮತ್ತೆ ಮರಳು, ಮತ್ತೆ ಒಂದು ರೌಂಡಬೌಟ್. ಅದರ ನಡುವೆ ಸಿಮೆಂಟಿನ ದೊಡ್ಡ ಕಾಫಿ ಹೂಜಿ. ಅದೇ ಊರು. ಮಸೀದಿ, ಶಾಲೆ, ಕ್ಲಿನಿಕ್, ಒಂದು ಸಾಮಾನಿನ ಅಂಗಡಿ, ಒಂದು ಕೆಫೆಟೇರಿಯಾ, ನಮ್ಮ ಲಾಂಡ್ರಿ. ಅಂಗಡಿ ಮಲಯಾಳಿಯದ್ದು. ನೀರಿನ ಟ್ಯಾಂಕರ್ ಪಠಾಣನದ್ದು. ಶಾಲೆಯಲ್ಲಿ ಮಿಸ್ರಿ ಮಾಸ್ಟ್ರು, ಈಜಿಪ್ಟಿನವರು. ಒಂಟೆ ನೋಡುದು ಸುಡಾನಿ. ಕ್ಲಿನಿಕ್ಕಿನಲ್ಲಿ ಉಡುಪಿ ಕಡೆಯ ಒಬ್ಬರು ಕೊಂಕಣಿ ಸಿಸ್ಟರ್, ನನಗೆ ಕನ್ನಡ ಮಾತಾಡ್ಲಿಕ್ಕೆ ಇಡೀ ಊರಲ್ಲಿ ಅವರು ಒಬ್ಬರೇ. ಎಲ್ಲ ದೇಶದವರು ಉಂಟು, ಶಬ್ದ ಮಾಡುವವರು ಯಾರೂ ಇಲ್ಲ. ಮಧ್ಯಾಹ್ನ ಯಾರೋ ಕಾರಿನ ಬಾಗಿಲು ಹಾಕಿದ್ರೆ ಅದು ಯಾರ ಕಾರು ಅಂತ ಬಂಗಾಲಿ ಒಳಗೆ ಕೂತು ಹೇಳ್ತಾನೆ. ಕೆಲವರಿಗೆ ಇದು ಶಾಂತಿ. ನನಗೆ ಮಂಡೆ ಬೆಚ್ಚ.

ಗಿರಾಕಿಗಳೂ ಹಾಗೆ. ದುಬೈಯಲ್ಲಿ ಚೀಟಿ ಇಲ್ಲದೆ ಒಂದು ಕರ್ಚೀಫ್ ಒಳಗೆ ಬರುದಿಲ್ಲ. ಇಲ್ಲಿ ಬಟ್ಟೆಯ ಗಂಟು ಕೌಂಟರಿಗೆ ಹಾಕ್ತಾರೆ, ನನ್ನ ಅಪ್ಪ ಹೇಗಿದ್ದಾರೆ, ಅಮ್ಮ ಹೇಗಿದ್ದಾರೆ, ಊರಲ್ಲಿ ಮಳೆ ಉಂಟಾ ಅಂತ ಎಲ್ಲ ಕೇಳ್ತಾರೆ, ಬಟ್ಟೆಗೆ ಏನು ಮಾಡ್ಬೇಕು ಅಂತ ಮಾತ್ರ ಹೇಳುದಿಲ್ಲ. ಚೀಟಿ ಬರೆದು ಕೊಟ್ರೆ ಅದನ್ನು ಅಲ್ಲೇ ಬಿಟ್ಟು ಹೋಗ್ತಾರೆ. ಯಾರ ಬಟ್ಟೆ ಯಾವುದು ಅಂತ ಬಂಗಾಲಿಗೆ ಕಾಲರ್ ನೋಡಿ ಗೊತ್ತು.

ಮತ್ತೆ ಬಾಬಾ. ಮುದುಕ ಅರಬಿ. ಕಟ್ಟಡ ಅವರದ್ದು, ಲಾಂಡ್ರಿಯ ಲೈಸನ್ಸೂ ಅವರ ಹೆಸರಲ್ಲಿ. ದಿನಾ ಸಂಜೆಯ ಮುಂಚಿನ ಅಸರ್ ನಮಾಜ್ ಮುಗಿಸಿ ಬಂದು ನಮ್ಮ ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರ್ತಾರೆ. ಮಾತಿಲ್ಲ. ಏನೂ ಹೋಗದ ರಸ್ತೆಯನ್ನು ನೋಡ್ತಾರೆ. ಧಣಿ ಹೆದರುದು ದೇವರಿಗೆ ಮತ್ತೆ ಬಾಬಾನಿಗೆ. ಕಂಪ್ಲೇಂಟ್ ಅಂದ್ರೆ ಬಾಬಾನ ಕಂಪ್ಲೇಂಟ್, ಬೇರೆಯವರದ್ದೆಲ್ಲ ಲೆಕ್ಕಕ್ಕಿಲ್ಲ. ಅವರ ಹಬ್ಬದ ಕಂದೂರವೂ ಆ ಮೆಷಿನಲ್ಲೇ ಇತ್ತು. ಹಳೇ ಕಾಲದ ದಪ್ಪ ಕಾಟನ್.

ಮೊದಲು ಯಾವುದೋ ಬಣ್ಣದ ಬಟ್ಟೆ ಸೇರಿ ಹೋಯ್ತು ಅಂದುಕೊಂಡೆ. ಹುಡುಕಿದೆ, ಇರ್ಲಿಲ್ಲ. ನಳ್ಳಿ ತಿರುಗಿಸಿ ಬಾಲ್ದಿಗೆ ನೀರು ಹಿಡಿದೆ. ನೀರೇ ಕೆಂಪು. ಹಬ್ಬದ ರಶ್ಶಲ್ಲಿ ಕಟ್ಟಡದ ಮಾಡಿನ ಮೇಲಿನ ಟ್ಯಾಂಕ್ ಪೂರ್ತಿ ಖಾಲಿ ಆಗಿತ್ತು. ಬೆಳಗ್ಗೆ ಪಠಾಣ ಟ್ಯಾಂಕರ್ ತಂದು ತುಂಬಿಸಿ ಹೋಗಿದ್ದ. ಅವನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅರ್ಧ ಅರ್ಥ ಆಗಿರ್ಲಿಕ್ಕಿಲ್ಲ, ತುಳುವಿನಲ್ಲಿ ಇತ್ತು. ಆದ್ರೂ ಬಂದ.

ಬಂದವ ಜಗಳ ಮಾಡ್ಲಿಲ್ಲ. ಉಪವಾಸದ ದಿನ ನನ್ನ ಬಾಯಲ್ಲಿ ಜಗಳ ಮಾಡಿಸ್ಬೇಡ ಅಂದ. ಟ್ಯಾಂಕರಿನ ಪೈಪ್ ಬಿಚ್ಚಿ ತನ್ನ ಮೈ ಮೇಲೆ ಬಿಟ್ಟುಕೊಂಡ. ಅವನು ಹಾಕಿದ್ದು ಬಿಳಿ ಕುರ್ತ. ಮಂಡೆಯಿಂದ ಕಾಲಿನವರೆಗೆ ಒದ್ದೆ ಆಗಿ ನನ್ನ ಎದುರು ಬಂದು ನಿಂತ. ಗಡ್ಡದಿಂದ ನೀರು ಇಳೀತಾ ಉಂಟು.

"ದೇಖ್. ಯಾವ ಬಣ್ಣ?"

ಬಿಳಿ. ನಾನು ಬಾಯಿ ಬಿಟ್ಟು ಹೇಳುವವರೆಗೆ ಅವನು ಆಚೆ ಈಚೆ ಹೋಗ್ಲಿಲ್ಲ.

ಇಬ್ಬರೂ ಮಾಡಿಗೆ ಹತ್ತಿದೆವು. ಟ್ಯಾಂಕ್ ಹಳೇ ಕಬ್ಬಿಣದ್ದು. ಮುಚ್ಚಳ ತೆಗೆದು ಟಾರ್ಚ್ ಬಿಟ್ರೆ ಅಡಿಯಲ್ಲಿ ನಮ್ಮ ಊರಿನ ಕೆಂಪು ಮುರಕಲ್ಲು ಪುಡಿ ಮಾಡಿ ಹಾಕಿದ ಹಾಗೆ ತುಕ್ಕು. ಎಷ್ಟು ವರ್ಷದಿಂದ ಯಾರೂ ತೊಳೀಲಿಲ್ಲವೋ. ಇಷ್ಟು ದಿನ ಅದು ಅಡಿಯಲ್ಲಿ ಕೂತಿತ್ತು. ಖಾಲಿ ಟ್ಯಾಂಕಿಗೆ ಜೋರಾಗಿ ನೀರು ಬಿದ್ದ ಕೂಡ್ಲೆ ಎದ್ದು ಪೂರ್ತಿ ಕಲಕಿ ಹೋಗಿದೆ. ನನ್ನ ತಪ್ಪಲ್ಲ, ಪಠಾಣನ ತಪ್ಪೂ ಅಲ್ಲ. ಯಾರ ತಪ್ಪಾದ್ರೂ ಕಂಪ್ಲೇಂಟ್ ಬರುದು ನನ್ನ ಮೇಲೆ.

ಧಣಿಗೆ ಫೋನ್ ಮಾಡಿದೆ. ಅವರು ಒಂದೇ ಉಸಿರಿಗೆ ಹೇಳಿದ್ರು, ಬ್ಲೀಚ್ ಡಬಲ್ ಹಾಕು, ಬಿಸಿನೀರಲ್ಲಿ ತಿರುಗಿಸು, ಯಾರಿಗೂ ಹೇಳ್ಬೇಡ, ಕೇಳಿದ್ರೆ ಬುಕ್ರಾ ಅನ್ನು. ಬುಕ್ರಾ ಅಂದ್ರೆ ನಾಳೆ. ಇಲ್ಲಿ ಎಲ್ಲರೂ ಎಲ್ಲದಕ್ಕೂ ಹೇಳುದು ಅದನ್ನೇ.

ಎಲ್ಲ ಒಟ್ಟಿಗೆ ಹಾಕ್ಲಿಕ್ಕೆ ಧೈರ್ಯ ಬರ್ಲಿಲ್ಲ. ಅದೇ ಮೆಷಿನಲ್ಲಿ ನನ್ನದೊಂದು ಬಿಳಿ ಶರ್ಟ್ ಇತ್ತು. ಅದನ್ನು ಬಾಲ್ದಿಗೆ ಹಾಕಿ ಬ್ಲೀಚ್ ಹೊಯ್ದು ನೋಡ್ತಾ ಕೂತೆ. ಚಾ ಬಣ್ಣದ ಶರ್ಟ್ ಸ್ವಲ್ಪ ಹೊತ್ತಲ್ಲಿ ಹಂಚಿನ ಬಣ್ಣಕ್ಕೆ ಬಂತು. ತುಕ್ಕಿಗೆ ಬ್ಲೀಚ್ ಬಿದ್ರೆ ಅದು ಹೋಗುದಿಲ್ಲ, ಕಚ್ಚಿ ಕೂರ್ತದೆ. ಧಣಿ ಹೇಳಿದ ಹಾಗೆ ಮಾಡಿದ್ರೆ ಊರಿಡೀ ಖಲಾಸ್. ಅವರಿಗೆ ಪುನಃ ಫೋನ್ ಮಾಡಿದೆ, ಎತ್ತಲಿಲ್ಲ. ಶಟರ್ ಅರ್ಧಕ್ಕೆ ಎಳೆದು, ಕೆಂಪು ಬಟ್ಟೆಯ ರಾಶಿಗೆ ಒಂದು ಬೆಡ್‌ಶೀಟ್ ಮುಚ್ಚಿದೆ.

ಆಗ ಶಟರಿನ ಅಡಿಯಿಂದ ಬಗ್ಗಿ ಬಾಬಾ ಒಳಗೆ ಬಂದ್ರು. ಅದು ಅವರು ಬರುವ ಹೊತ್ತೇ ಅಲ್ಲ.

"ವೈನ್ ಕಂದೂರ?"

ಕಂದೂರ ಎಲ್ಲಿ ಅಂತ. ನನ್ನ ಹಿಂದೆ ಬೆಡ್‌ಶೀಟಿನ ಅಡಿಯಲ್ಲಿ ಉಂಟು. ಅದನ್ನು ತೋರಿಸ್ಲಿಕ್ಕೆ ಆಗುದಿಲ್ಲ, ಬುಕ್ರಾ ಹೇಳ್ಲಿಕ್ಕೆ ನಾಲಿಗೆ ಏಳುದಿಲ್ಲ. ಅವರ ಮುಖ ನೋಡಿ ಸುಳ್ಳು ಹೇಳುದು ಕಷ್ಟ. ಎರಡೂ ಕೈ ಜೋಡಿಸಿದೆ.

"ಮಾಫಿ, ಬಾಬಾ."

"ಮಾಫಿ?"

"ಮಾಫಿ, ಮಾಫಿ."

ಅವರು ಖಾಲಿ ಹ್ಯಾಂಗರುಗಳನ್ನು ನೋಡಿದ್ರು. ಮತ್ತೆ ನನ್ನನ್ನು. "ಕುಲ್ಲು ಮಾಫಿ?" ಅಂದ್ರು. ಕುಲ್ಲು ಅಂದ್ರೆ ಎಲ್ಲ. ಎಲ್ಲದಕ್ಕೂ ಸೇರಿ ಮಾಫಿ ಕೇಳ್ತಾ ಇದ್ದೀಯಾ ಅಂತ ಇರ್ಬೇಕು ಅಂದುಕೊಂಡು ಮಂಡೆ ಅಲ್ಲಾಡಿಸಿದೆ. ಕುಲ್ಲು ಬಾಬಾ, ಕುಲ್ಲು. ಅವರು ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿ, ಪುನಃ ಬಗ್ಗಿ ಹೊರಗೆ ಹೋದ್ರು. ಒಂದು ಬೈಗುಳ ಇಲ್ಲ. ಎಂತ ಒಳ್ಳೆ ಮನುಷ್ಯ ಅಂದುಕೊಂಡೆ. ಬಂಗಾಲಿಗೂ ಹೇಳಿದೆ, ಬಾಬಾ ಮಾಫ್ ಮಾಡಿದ್ರು ಅಂತ.

ಅಸರ್ ನಮಾಜ್ ಮುಗಿದದ್ದೇ ತಡ, ಒಂದು ಕಾರು ಬಂದು ನಿಂತಿತು. ಮತ್ತೆ ಇನ್ನೊಂದು. ಮತ್ತೆ ಪಿಕಪ್ಪುಗಳು. ಬಂಗಾಲಿ ಒಳಗಿಂದ ಯಾರ ಕಾರು ಅಂತ ಹೇಳ್ತಾ ಇದ್ದವ ಮೆಲ್ಲ ಸುಮ್ಮನಾದ. ಮಸೀದಿಯಲ್ಲಿ ಇದ್ದವರೆಲ್ಲ ನಮ್ಮ ಅಂಗಡಿಯ ಎದುರು. ಬೊಬ್ಬೆ ಹಾಕಿದ್ರೆ ನಾನೂ ಬೊಬ್ಬೆ ಹಾಕ್ತಿದ್ದೆ. ಈ ಊರಲ್ಲಿ ಅದೂ ಇಲ್ಲ. ಸುಮ್ಮನೆ ನಿಂತು ನೋಡ್ತಾರೆ. ಮಿಸ್ರಿ ಮಾಸ್ಟ್ರು ಎಲ್ಲರ ಪರವಾಗಿ ಮುಂದೆ ಬಂದು, ಕ್ಲಾಸಲ್ಲಿ ಹುಡುಗರಿಗೆ ಹೇಳುವ ಹಾಗೆ ಬೆರಳು ಎತ್ತಿ ಉದ್ದಕ್ಕೆ ಏನೋ ಹೇಳಿದ್ರು. ನನಗೆ ಅರ್ಥ ಆದ್ದು ಒಂದೇ ಶಬ್ದ. ಅದು ಮಾಫಿ. ಇವರೆಲ್ಲ ಯಾಕೆ ನನ್ನ ಹತ್ರ ಮಾಫಿ ಕೇಳುದು ಅಂತ ಮಂಡೆ ಓಡ್ಲಿಲ್ಲ.

ಅಷ್ಟೊತ್ತಿಗೆ ಕ್ಲಿನಿಕ್ಕಿನಿಂದ ಸಿಸ್ಟರ್ ಬಂದ್ರು. ಅವರ ಯೂನಿಫಾರ್ಮೂ ಅದೇ ರಾಶಿಯಲ್ಲಿ ಇತ್ತು.

"ಎಂತ ಮಾರಾಯ, ಊರಿನವರ ಬಟ್ಟೆ ಪೂರ್ತಿ ಹೋಯ್ತು ಅಂತ ಬಾಬಾನಿಗೆ ಹೇಳಿದ್ಯಂತೆ?"

"ನಾನು ಎಲ್ಲಿ ಹೇಳಿದ್ದು? ನಾನು ಮಾಫಿ ಕೇಳಿದ್ದು."

"ಎಂತ ಕೇಳಿದ್ದು?"

"ಮಾಫಿ. ಕೈ ಮುಗಿದು ಕೇಳಿದೆ."

ಸಿಸ್ಟರ್ ಬ್ಯಾಗನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡ್ರು. ಭುಜ ಮಾತ್ರ ಅಲುಗ್ತಾ ಇತ್ತು. "ಅಯ್ಯೋ ದೇವಾ," ಅಂದ್ರು, "ಇವರಿಗೆ ಮಾಫಿ ಅಂದ್ರೆ ಇಲ್ಲ ಅಂತ ಅಲ್ವನಾ."

ನನಗೆ ಗೊತ್ತಿಲ್ಲದ್ದಾ ಅದು? ಗಲ್ಫಿಗೆ ಬಂದವ ಮೊದಲ ದಿನ ಕಲಿಯುವ ಶಬ್ದ. ನೀರು ಮಾಫಿ, ರಜೆ ಮಾಫಿ, ರೂಮಿನಲ್ಲಿ ಜಾಗ ಮಾಫಿ. ದಿನಕ್ಕೆ ಎಷ್ಟು ಸಲ ಹೇಳ್ತೇನೋ. ಆದ್ರೆ ಹೆದರಿದಾಗ ಬಾಯಿಗೆ ಬರುದು ಇಲ್ಲಿಯ ಶಬ್ದ ಅಲ್ಲ, ಶಾಲೆಯ ಹಿಂದಿ. ಅವರು ಕೇಳಿದ್ದು ಕಂದೂರ ಎಲ್ಲಿ ಅಂತ. ನಾನು ಹೇಳಿದ್ದು ಇಲ್ಲ ಅಂತ. ಎಲ್ಲರದ್ದೂ ಇಲ್ವಾ ಅಂದ್ರು. ಎಲ್ಲರದ್ದೂ, ಎಲ್ಲರದ್ದೂ ಅಂದೆ. ಅದೂ ಕೈ ಮುಗಿದು.

ಕಿಸೆಯಲ್ಲಿ ಫೋನ್ ಹೊಡ್ಕೊಳ್ತಾ ಇತ್ತು. ಧಣಿ. ಈಗ ಎತ್ತಿದ್ರೆ ಅವರು ಹೇಳುದು ಅದೇ, ಮುಚ್ಚು, ಬುಕ್ರಾ ಅನ್ನು. ಇವರಿಗೆ ಈಗ ಬುಕ್ರಾ ಅಂದ್ರೆ ಬಟ್ಟೆ ಹೋದ್ದು ಖಾತ್ರಿ ಆಗ್ತದೆ. ನಾನು ಎತ್ತಲಿಲ್ಲ. ಶಟರ್ ಪೂರ್ತಿ ಮೇಲೆ ದೂಡಿದೆ. ಬಂಗಾಲಿಗೆ ಹಗ್ಗ ತರ್ಲಿಕ್ಕೆ ಹೇಳಿದೆ. ಒಂದು ತುದಿ ಅಂಗಡಿಯ ಕಂಬಕ್ಕೆ, ಇನ್ನೊಂದು ಪಠಾಣನ ಟ್ಯಾಂಕರಿಗೆ. ರಾಶಿಯಲ್ಲಿ ಇದ್ದದ್ದನ್ನು ಒಂದೊಂದೇ ತಂದು ಎಲ್ಲರ ಎದುರು ನೇತು ಹಾಕಿದೆವು. ಬಾಬಾನದ್ದನ್ನು ಮೊದಲು ಹಾಕಿದೆ. ಅದೇ ಜಾಸ್ತಿ ಕೆಂಪು.

"ಫೀ," ಅಂದೆ. ಉಂಟು ಅಂತ. "ಕುಲ್ಲು ಫೀ. ನೋಡಿ. ಕೆಂಪು ಆಗಿದೆ, ಆದ್ರೆ ಉಂಟು."

ಅವರು ಹಗ್ಗದ ಉದ್ದಕ್ಕೂ ನಡೆದು, ಕಾಲರ್ ಎತ್ತಿ ಎತ್ತಿ ತಮ್ಮದು ಹುಡುಕಿಕೊಂಡ್ರು. ಸಿಸ್ಟರ್ ಅರಬಿಯಲ್ಲಿ ಟ್ಯಾಂಕಿನ ಕತೆ ಹೇಳಿದ್ರು, ಮಾಫಿಯ ಕತೆಯನ್ನೂ ಹೇಳಿದ್ರು. ಅದನ್ನು ಹೇಳುವ ಅಗತ್ಯ ಇರ್ಲಿಲ್ಲ. ಎಲ್ಲರೂ ನಗಾಡಿದ್ರು. ಸುಡಾನಿ ತನ್ನದನ್ನು ಮೈಗೆ ಹಿಡಿದು ನೋಡಿ, ಇದೇ ಬಣ್ಣ ಇರ್ಲಿ, ಒಂಟೆಯ ಹತ್ರ ಹೋದ್ರೆ ಧೂಳು ಕಾಣುದಿಲ್ಲ ಅಂದ. ಬಾಬಾ ಮಾತ್ರ ನಗ್ಲಿಲ್ಲ. ಕುರ್ಚಿಯಲ್ಲಿ ಕೂತು ತನ್ನ ಕಂದೂರ ಗಾಳಿಗೆ ಆಡುದನ್ನು ನೋಡ್ತಾ ಇದ್ರು.

ಮತ್ತೆ ಶುರುವಾಯ್ತು ಮದ್ದು ಹೇಳ್ಲಿಕ್ಕೆ. ಮಾಸ್ಟ್ರದ್ದು ವಿನೆಗರ್, ಪಠಾಣನದ್ದು ಬಿಸಿಲು, ಮಲಯಾಳಿಯದ್ದು ಗಂಜಿ ತಿಳಿ. ಒಂದೊಂದು ದೇಶದ್ದು ಒಂದೊಂದು. ಸಾಕು ಮಾರಾಯ್ರೆ ಅಂದೆ, ಯಾರಿಗೂ ಅರ್ಥ ಆಗ್ಲಿಲ್ಲ. ಸಿಸ್ಟರ್ ತನ್ನ ಯೂನಿಫಾರ್ಮಿನ ತೋಳು ತಿಕ್ಕಿ ನೋಡಿ ಹೇಳಿದ್ರು, "ಊರಲ್ಲಾದ್ರೆ ಬಿಂಬುಳಿ ಉಜ್ಜಿ ಇಡಬಹುದಿತ್ತು."

ನನ್ನ ಅಮ್ಮನೂ ಅದೇ ಮಾಡುದು. ಕೊಡೆಯ ಕಡ್ಡಿಯ ತುಕ್ಕು ಶಾಲೆಯ ಅಂಗಿಗೆ ಹಿಡಿದ್ರೆ ಹಿತ್ಲಿನ ಮರದ ಹುಳಿ ಬಿಂಬುಳಿ ಕಾಯಿ ಕೊಯ್ದು ಉಜ್ಜಿ ಇಡುದು. ಮರಳುಗಾಡಲ್ಲಿ ಬಿಂಬುಳಿ ಎಲ್ಲಿಂದ? ಆದ್ರೆ ತುಕ್ಕು ಬಿಡಿಸುದು ಬಿಂಬುಳಿಯಲ್ಲ, ಅದರ ಹುಳಿ. ಮಲಯಾಳಿಯ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಪ್ಯಾಕೆಟ್ ಇರ್ತದೆ. ಸಕ್ಕರೆಯ ಹಾಗೆ ಬಿಳಿ ಹರಳು, ಅರಬಿಗಳು ಅಡಿಗೆಗೆ ಹಾಕುದು. ಅವನ ಹತ್ರ ಇದ್ದದ್ದೆಲ್ಲ ಬಾಚಿ ತಂದೆ.

ಈ ಸಲವೂ ಎಲ್ಲ ಒಟ್ಟಿಗೆ ಹಾಕ್ಲಿಲ್ಲ. ಬಂಗಾಲಿ ತನ್ನ ನಮಾಜಿನ ಟೊಪ್ಪಿ ಕೊಟ್ಟ, ಅದೂ ಕೆಂಪು ಆಗಿತ್ತು. ಪಠಾಣನ ಟ್ಯಾಂಕರಿನಿಂದ ನೇರ ಬಾಲ್ದಿಗೆ ನೀರು ಹಿಡಿದು, ಕೈ ಸುಡದಷ್ಟು ಬಿಸಿ ಮಾಡಿ, ನಿಂಬೆ ಉಪ್ಪು ಕರಗಿಸಿ ಟೊಪ್ಪಿ ಮುಳುಗಿಸಿದೆ. ಮೊದಲು ಏನೂ ಆಗ್ಲಿಲ್ಲ. ಮತ್ತೆ ನೀರು ಮೆಲ್ಲ ಹಳದಿಗೆ ತಿರುಗಿತು. ಟೊಪ್ಪಿಯ ಅಂಚು ಬಿಳಿ ಆಯ್ತು. ಬಂಗಾಲಿ ನನ್ನ ಬೆನ್ನಿಗೆ ಗುದ್ದಿದ.

ಆಮೇಲೆ ಪೂರ್ತಿ ಕೈ ಕೆಲಸ. ಮೆಷಿನಿನ ಪೈಪಿನಲ್ಲಿ ತುಕ್ಕು ಇರುದರಿಂದ ಅದನ್ನು ಮುಟ್ಟುವ ಹಾಗಿಲ್ಲ. ಪಠಾಣ ಟ್ಯಾಂಕರನ್ನು ಅಲ್ಲೇ ಬಿಟ್ಟ, ಪ್ಲಾಸ್ಟಿಕ್ ಡ್ರಮ್ಮುಗಳನ್ನೂ ತಂದ. ನೆನೆ ಹಾಕುದು, ತಿರುಗಿಸುದು, ಹಿಂಡದೆ ಎತ್ತುದು, ಒಳ್ಳೆ ನೀರಲ್ಲಿ ಜಾಲಾಡುದು. ಜಾಲಾಡುದೇ ದೊಡ್ಡ ಕರಕರೆ. ಹುಳಿ ಸ್ವಲ್ಪ ಉಳಿದ್ರೂ ಇಸ್ತ್ರಿಯ ಬಿಸಿಗೆ ಬಟ್ಟೆ ಹಳದಿ ಆಗ್ತದೆ. ಒಂದು ಹಾಗೆ ಆಯ್ತು, ಪುನಃ ಮೊದಲಿಂದ ಮಾಡ್ಬೇಕಾಯ್ತು. ಹುಳಿ ಉಂಟಾ ಇಲ್ವಾ ಅಂತ ಕಣ್ಣಿಗೆ ಕಾಣುದಿಲ್ಲ, ಮೂಗಿಗೂ ಬರುದಿಲ್ಲ. ನಾಲಿಗೆಗೆ ತಾಗಿಸಿಯೇ ನೋಡ್ಬೇಕು. ಬಂಗಾಲಿಗೆ ಉಪವಾಸ, ಪಠಾಣನಿಗೆ ಉಪವಾಸ. ಉಳಿದವ ನಾನು. ಆ ಊರಿನ ಎಲ್ಲರ ಕಂದೂರ ನೆಕ್ಕಿ ನೋಡಿದವ ನಾನೊಬ್ಬನೇ ಇರ್ಬೇಕು. ನಾಲಿಗೆ ದಡ್ಡು ಕಟ್ಟಿ, ಆಮೇಲೆ ಉಪ್ಪು ಯಾವುದು ಹುಳಿ ಯಾವುದು ಅಂತ ಗೊತ್ತಾಗ್ತಿರ್ಲಿಲ್ಲ.

ಸಂಜೆ ಊರಿನವರೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ಚಂದ್ರನನ್ನು ಹುಡುಕ್ತಾ ನಿಂತ್ರು. ಕಂಡ್ರೆ ಬೆಳಗ್ಗೆ ಹಬ್ಬ, ನನ್ನ ಕತೆ ಮುಗೀತು. ಎಲ್ಲರೂ ಕಾಣಲಿ ಅಂತ, ನಾನೊಬ್ಬ ಡ್ರಮ್ಮಿಗೆ ಕೈ ಹಾಕಿಕೊಂಡು ಕಾಣದಿರಲಿ ಅಂತ. ಕಾಣ್ಲಿಲ್ಲ. ಒಂದು ದಿನ ಸಿಕ್ಕಿತು.

ಮರುದಿನ ಮಧ್ಯಾಹ್ನಕ್ಕೆ ಹೆಚ್ಚಿನದ್ದೆಲ್ಲ ಬೆಳ್ಳಗೆ ಹ್ಯಾಂಗರಿನಲ್ಲಿ ಇತ್ತು. ಅವೆಲ್ಲ ಪಾಲಿಯೆಸ್ಟರ್ ಮಿಕ್ಸ್, ಕಲೆ ಬೇಗ ಬಿಡ್ತದೆ. ಬಿಡದ್ದು ಬಾಬಾನ ಕಾಟನ್. ಪುನಃ ಪುನಃ ನೆನೆ ಹಾಕಿದೆ. ಎಲ್ಲ ಹೋಯ್ತು, ಬಲ ತೋಳಿನ ತುದಿಯಲ್ಲಿ ಹುಣಸೆ ಬೀಜದಷ್ಟು ಒಂದು ಹಳದಿ ಕಲೆ ಮಾತ್ರ ಹೋಗುದಿಲ್ಲ. ಇನ್ನೂ ಹುಳಿಯಲ್ಲಿ ಇಟ್ರೆ ನೂಲು ಸಾಯ್ತದೆ. ಸಾಕು ಅಂತ ತೆಗೆದೆ. ಬಂಗಾಲಿ ಇಸ್ತ್ರಿ ಹಾಕುವಾಗ ಆ ತೋಳನ್ನು ಒಳಗೆ ಬರುವ ಹಾಗೆ ಮಡಚಿ ಇಟ್ಟ. ಕಣ್ಣು ಹೊಡೆದ.

ಬಾಬಾ ತನ್ನ ಹೊತ್ತಿಗೆ ಸರಿಯಾಗಿ ಬಂದು ಕುರ್ಚಿಯಲ್ಲಿ ಕೂತ್ರು. ನಾನು ಕಂದೂರ ತೆಗೆದುಕೊಂಡು ಹೋದೆ. ಹಾಗೇ ಕೊಟ್ಟಿದ್ರೆ ಆಗ್ತಿತ್ತು. ಆದ್ರೆ ಹಬ್ಬದ ಬೆಳಗ್ಗೆ ಮಸೀದಿಯಲ್ಲಿ ಅವರು ಅದನ್ನು ನೋಡುದು, ಮತ್ತೆ ಧಣಿಗೆ ಫೋನ್ ಹೋಗುದು, ಅದಕ್ಕೆ ಕಾಯ್ತಾ ಕೂರುದು ನನ್ನಿಂದ ಆಗುದಿಲ್ಲ. ಆಗುದಾದ್ರೆ ಈಗಲೇ ಆಗ್ಲಿ. ತೋಳು ಬಿಡಿಸಿ ಕಲೆ ತೋರಿಸಿದೆ. ಏನಾದ್ರೂ ಹೇಳ್ಬೇಕು, ಆದ್ರೆ ನನ್ನ ಹತ್ರ ಇದ್ದ ಒಂದು ಶಬ್ದವನ್ನು ಇನ್ನು ಬಾಯಲ್ಲಿ ಎತ್ತುವ ಹಾಗಿಲ್ಲ. ತೋಳನ್ನು ಹಾಗೇ ಅವರ ಎದುರು ಹಿಡಿದೆ.

ಅವರು ಹೆಬ್ಬೆರಳಿನಿಂದ ಕಲೆಯನ್ನು ಉಜ್ಜಿದ್ರು. ಉಗುರಿನಿಂದ ಕೆರೆದು ನೋಡಿದ್ರು. ಮತ್ತೆ ನನ್ನ ಮುಖ ನೋಡಿ ಹೇಳಿದ್ರು.

"ಮಾಫಿ."

ಅಷ್ಟೇ. ಕಂದೂರ ಕೈಗೆ ಹಾಕಿಕೊಂಡು ಎದ್ದು ಹೋದ್ರು. ಇಲ್ಲ ಅಂತ ಹೇಳಿದ್ದಾ? ಕಲೆ ಕಣ್ಣೆದುರು ಉಂಟು. ನಮ್ಮ ಮಾಫಿಯಾ? ಬಾಬಾ ಪ್ರಾಯದಲ್ಲಿ ಬೊಂಬಾಯಿಗೆ ವ್ಯಾಪಾರಕ್ಕೆ ಹೋಗಿ ಬರ್ತಿದ್ರು, ಹಿಂದಿ ಚೆಂದ ಗೊತ್ತುಂಟು ಅಂತ ಪಠಾಣ ಆಮೇಲೆ ಹೇಳಿದ. ಹಿಂದಿ ಗೊತ್ತಿದ್ರೆ ಮೊದಲ ದಿನ ಯಾಕೆ ಅರ್ಥ ಆಗ್ಲಿಲ್ಲ? ಅರ್ಥ ಆಗಿಯೂ ಊರಿಗೆ 'ಇಲ್ಲ' ಅಂತ ಹೇಳಿದ್ರಾ? ಕೇಳ್ಬೇಕು ಅಂತ ಇತ್ತು. ಕೇಳ್ಲಿಲ್ಲ.

ಹಬ್ಬದ ದಿನ ಧಣಿಯ ಫೋನ್ ಬಂತು. ಕಂಪ್ಲೇಂಟ್ ಉಂಟಾ ಕೇಳಿದ್ರು. ಮಾಫಿ ಅಂದೆ. ಭಾರೀ ಖುಷಿ ಅವರಿಗೆ. ಹಾಗಾದ್ರೆ ನಾನು ಯಾವಾಗ ದುಬೈಗೆ ಬರುದು ಅಂತ ಕೇಳಿದೆ.

"ಅದೇ ಮಾರಾಯ," ಅಂದ್ರು. "ಬೆಳಗ್ಗೆ ಬಾಬಾ ಫೋನ್ ಮಾಡಿದ್ರು. ಈ ಹುಡುಗನನ್ನು ಇಲ್ಲಿಂದ ತೆಗೀಬೇಡ ಅಂದ್ರು. ಅವರು ಹೇಳಿದ ಮೇಲೆ ನಾನು ಎಂತ ಮಾಡ್ಲಿ?"

ಕಂಪ್ಲೇಂಟ್ ಬಂದಿದ್ರೆ ಇಲ್ಲೇ. ಬಾರದಿದ್ರೂ ಇಲ್ಲೇ. ಮಾಡಿಗೆ ಒಂದು ಪ್ಲಾಸ್ಟಿಕ್ ಟ್ಯಾಂಕ್ ಆದ್ರೂ ಹಾಕಿಸಿ ಅಂದೆ. ನೋಡುವ ಅಂದ್ರು. ಧಣಿಯ 'ನೋಡುವ' ಅಂದ್ರೆ ಎಂತ ಅಂತ ಯಾವ ಸಿಸ್ಟರೂ ನನಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಈಗಲೂ ಇಲ್ಲೇ ಇದ್ದೇನೆ. ಟ್ಯಾಂಕ್ ಅದೇ, ನಾನೇ ಹತ್ತಿ ತೊಳೀತೇನೆ. ಹೊರಗೆ ಕುರ್ಚಿ ಎಳೆದ ಶಬ್ದ ಆಯ್ತು, ಬಾಬಾ ಬಂದ್ರು ಕಾಣ್ತದೆ. ಇಷ್ಟೇ. ಇನ್ನು ಹೇಳ್ಲಿಕ್ಕೆ ಮಾಫಿ.